ಒಂಬತ್ತನೆಯ ಕೋಣೆಯ ದಾಳಿಂಬೆ

ಸಾವಿರದ ಒಂಬೈನೂರ ನಲವತ್ತನಾಲ್ಕರ ಏಪ್ರಿಲ್. ಬಾಂಬಿನ ಭಯಕ್ಕೆ ಫ್ಲಾರೆನ್ಸಿನ ವಸ್ತುಸಂಗ್ರಹಾಲಯವೊಂದು ತನ್ನ ಚಿತ್ರಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ, ಗುಡ್ಡದ ಮೇಲಿನ ಹಳೆಯ ಬಂಗಲೆಯೊಂದಕ್ಕೆ ಸಾಗಿಸಿತು. ಕಾವಲಿಗೆ ಹೋದವಳು ಕಸ ಗುಡಿಸುತ್ತಿದ್ದ ಎರ್ಸಿಲಿಯಾ ಬಂಡಿನಿ. ಗಂಡ ಆಫ್ರಿಕಾದ ಯುದ್ಧದಲ್ಲಿ ಸತ್ತಿದ್ದ, ಮಕ್ಕಳಿರಲಿಲ್ಲ. 'ನಿನಗೇನು, ಹಿಂದಿಲ್ಲ ಮುಂದಿಲ್ಲ' ಎಂದು ಅವಳನ್ನೇ ಕಳಿಸಿದ್ದರು.

ಪೆಟ್ಟಿಗೆಯಲ್ಲಿ ಜಾಗ ಸಾಲದೆ ಉಳಿದ ಒಂದು ಪುಟ್ಟ ಚಿತ್ರವನ್ನು ಅವಳು ಅಡುಗೆಮನೆಯ ಗೋಡೆಗೆ ಒರಗಿಸಿಟ್ಟುಕೊಂಡಳು. ತಟ್ಟೆಯಲ್ಲಿ ಒಡೆದ ದಾಳಿಂಬೆ, ಪಕ್ಕದಲ್ಲಿ ಅರ್ಧ ರೊಟ್ಟಿ, ರೊಟ್ಟಿಯ ಮೇಲೊಂದು ನೊಣ. ಮೂರು ತಿಂಗಳು ಅವಳ ಊಟಕ್ಕೆ ಅದೊಂದೇ ಜೊತೆ.

ಜುಲೈನಲ್ಲಿ ಜರ್ಮನ್ ಲಾರಿ ಬಂತು. ರಕ್ಷಣೆಗೆಂದು ಹೇಳಿ ಸೈನಿಕರು ಪೆಟ್ಟಿಗೆಗಳನ್ನೆಲ್ಲ ಹೇರಿಕೊಂಡರು. ಅಧಿಕಾರಿಯ ಕಣ್ಣು ಆ ಪುಟ್ಟ ಚಿತ್ರದ ಮೇಲೆ ಬಿತ್ತು.

"ಅದು ಅಡುಗೆಮನೇದು. ಬಿಟ್ಬಿಡಿ, ಸ್ವಾಮಿ," ಎಂದಳು.

"ಹಂಗಾದ್ರೆ ನಮ್ಮ ಅಡುಗೆಮನೇಲಿರ್ಲಿ ಬಿಡಮ್ಮ," ಎಂದು ನಕ್ಕು, ಅವಳದೇ ಹಾಸಿಗೆಯ ಬಟ್ಟೆಯಲ್ಲಿ ಅದನ್ನು ಸುತ್ತಿಕೊಂಡು ಹೊರಟ.

ಯುದ್ಧ ಮುಗಿದ ಮೇಲೆ ಪೆಟ್ಟಿಗೆಗಳೆಲ್ಲ ಮರಳಿದವು. ದಾಳಿಂಬೆ ಬರಲಿಲ್ಲ. ಅವತ್ತಿನ ನಿರ್ದೇಶಕರು ಅವಳನ್ನು ಕರೆಸಿದರು.

"ನಿಜ ಹೇಳು ಎರ್ಸಿಲಿಯಾ, ಹೊಟ್ಟೆಪಾಡಿಗೆ ಮಾರ್ಕೊಂಡ್ಯಾ?"

"ಅದರಲ್ಲಿದ್ದ ರೊಟ್ಟೀನೇ ತಿನ್ನೋಕಾಗಿದ್ರೆ ತಿಂದಿರ್ತಿದ್ದೆ ಸಾರ್, ಅಷ್ಟು ಹಸಿವಿತ್ತು. ಮಾರ್ಲಿಲ್ಲ."

ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಚಿತ್ರ ಮೊದಲು ತೂಗುತ್ತಿದ್ದ ಒಂಬತ್ತನೆಯ ಕೋಣೆಯ ಖಾಲಿ ಮೊಳೆಗೆ ಅದರ ಕಪ್ಪುಬಿಳುಪು ಫೋಟೊ ತೂಗುಹಾಕಿ, ಕೆಳಗೆ 'ಕಳವಾಗಿದೆ' ಎಂದು ಬರೆಸಿದರು. ಎರ್ಸಿಲಿಯಾ ಆ ಕೋಣೆಯ ಕಾವಲನ್ನೇ ಕೇಳಿ ಪಡೆದಳು. ಮೂವತ್ತೊಂದು ವರ್ಷ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಳು. "ಬೇರೆ ಹೆಂಗಸ್ರು ಗಂಡನ್ನ ಕಾಯ್ತಾರೆ, ಇವಳು ಹಣ್ಣು ಕಾಯ್ತಾಳೆ," ಎಂದು ಜೊತೆಯವರು ಆಡಿಕೊಂಡರು. ಶಾಲೆಯ ಮಕ್ಕಳು ಬಂದು ಹಣ್ಣು ಯಾವ ಬಣ್ಣದ್ದಿತ್ತೆಂದು ಕೇಳಿದಾಗ ಮಾತ್ರ ಅವಳು ಗೆಲುವಾಗಿ ಹೇಳುತ್ತಿದ್ದಳು. ವರ್ಷ ಕಳೆದಂತೆ ಆ ಬಣ್ಣ ಅವಳಿಗೇ ಮಸುಕಾಯಿತು. ಅದನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ.

ನಿವೃತ್ತಳಾಗಿ ಹನ್ನೆರಡು ವರ್ಷಕ್ಕೆ ಸಂಗ್ರಹಾಲಯದಿಂದ ಕರೆ ಬಂತು. ಹೋದರೆ, ಕಚೇರಿಯಲ್ಲಿ ಅವಳದೇ ವಯಸ್ಸಿನ ಜರ್ಮನ್ ಹೆಂಗಸು ತೊಡೆಯ ಮೇಲೆ ಕೈಯಿಟ್ಟು ಕೂತಿದ್ದಳು. ಹೆಸರು ಗೆರ್ಲಿಂಡೆ, ಆ ಅಧಿಕಾರಿಯ ವಿಧವೆ. ಮೇಜಿನ ಮೇಲೆ ದಾಳಿಂಬೆಯಿತ್ತು.

"ಇದೇನಾ?" ಎಂದು ಹೊಸ ನಿರ್ದೇಶಕಿ ಕೇಳಿದಳು.

ಎರ್ಸಿಲಿಯಾ ಬಹಳ ಹೊತ್ತು ನೋಡಿದಳು. "ಇದೇ."

ನಲವತ್ತೈದು ವರ್ಷ ಎದೆಯಲ್ಲಿ ಕೂಡಿಟ್ಟ ಬೈಗುಳಗಳಿದ್ದವು. ಅವು ಹೊರಬೀಳುವ ಮೊದಲೇ ಆ ಹೆಂಗಸು ತಡವರಿಸುತ್ತ ಎರ್ಸಿಲಿಯಾಳ ಭಾಷೆಯಲ್ಲೇ ಮಾತಾಡಿದಳು.

"ಸಾಯೋ ಮುಂಚೆ ನಮ್ಮನೆಯವ್ರು ಎಲ್ಲಾ ಹೇಳಿದ್ರು. ಆಗ್ಲೇ ತಂದು ಕೊಡ್ಬೇಕಿತ್ತು. ಹತ್ತು ವರ್ಷ ಇಟ್ಕೊಂಡೆ. ಮನೇಲಿ ಬೇರೆ ಯಾರೂ ಇರ್ಲಿಲ್ಲ ನೋಡಿ."

"ನನ್ನನ್ನ ಕಳ್ಳಿ ಅಂದ್ಕೊಂಡಿದ್ರು, ಗೊತ್ತಾ ನಿಮಗೆ?" ಎಂದಷ್ಟೇ ಎರ್ಸಿಲಿಯಾ ಕೇಳಿದಳು.

ಗೆರ್ಲಿಂಡೆ ಚಿತ್ರವನ್ನು ಅವಳ ಕಡೆಗೆ ಸರಿಸಿದಳು. ಎರ್ಸಿಲಿಯಾ ಎದ್ದಳು. "ನಡೀರಿ, ಬೆಳಗ್ಗೆಯಿಂದ ಏನೂ ತಿಂದ ಹಾಗಿಲ್ಲ ನೀವು."

ಬೀದಿಯ ಮೂಲೆಯ ಅಂಗಡಿಯಲ್ಲಿ ಇಬ್ಬರೂ ಎದುರುಬದುರು ಕೂತು ಹುರುಳಿಕಾಯಿ ಸಾರು ಕುಡಿದರು. ಸಂಜೆಯ ರೈಲಿಗೆ ಗೆರ್ಲಿಂಡೆ ಹೊರಟುಹೋದಳು. ಇಬ್ಬರೂ ವಿಳಾಸ ಕೇಳಿಕೊಳ್ಳಲಿಲ್ಲ.

ಮುಂದಿನ ವಾರ ಎರ್ಸಿಲಿಯಾ ಒಂಬತ್ತನೆಯ ಕೋಣೆಗೆ ಹೋದಳು. ಚಿತ್ರದ ಮುಂದೆ ಜನವೋ ಜನ. ನುಸುಳಿಕೊಂಡು ಹತ್ತಿರ ಹೋಗಿ, ನೊಣವನ್ನು ಕಾಣಲು ಬಗ್ಗಿದಳು.

"ಅಜ್ಜೀ, ಸ್ವಲ್ಪ ಹಿಂದೆ ನಿಂತ್ಕೊಳ್ಳಿ," ಎಂದಳು ಹೊಸ ಕಾವಲಿನವಳು.

"ಆಯ್ತಮ್ಮ," ಎಂದು ಎರ್ಸಿಲಿಯಾ ಹಿಂದೆ ಸರಿದು ನಿಂತಳು.