ಮೋಟಾರಿಗೆ ಕಲ್ಲು, ಬಂಡಿಗೆ ಕೆಸರು

ಹಳೆಯ ಮೋಟಾರ್ ಸಡಕಿನ ಕಲ್ಲುಗಳು ಈಗ ನಮ್ಮೂರಿನ ಬಚ್ಚಲುಗಳಲ್ಲಿವೆ, ಕಟ್ಟೆಗಳಲ್ಲಿವೆ. ಸಾಹೇಬರ ಮೋಟಾರುಗಳು ಈ ಕಡೆ ಮೊದಲು ಬಂದ ಕಾಲದಲ್ಲಿ ಭಂಕೂರದ ಮೇಲೆ ಹಾದು ಶಹಾಬಾದಕ್ಕೆ ಹೋಗುವಂತೆ ಅದನ್ನು ಹಾಕಿದ್ದರಂತೆ. ಸಡಕೆಂದರೆ ಎರಡು ಸಾಲು ಪರಸಿ, ಅಂದರೆ ಚಪ್ಪಟೆ ಹಾಸುಗಲ್ಲು, ಒಂದೊಂದು ಕಡೆಯ ಗಾಲಿಗೆ ಒಂದೊಂದು ಸಾಲು. ಬಂಡಿಗಳು ಪಕ್ಕದ ಎರೆಮಣ್ಣಿನಲ್ಲಿ ಹೋಗಬೇಕು. ಅವುಗಳ ಗಾಲಿಯ ಕಬ್ಬಿಣದ ಪಟ್ಟಿಗೆ ಕಲ್ಲು ಒಡೆಯುತ್ತದೆ ಎಂದು ಕಾನೂನು. ವಾರಕ್ಕೊಂದು ಮೋಟಾರು ಬಂದರೆ ಹೆಚ್ಚು.

ನಮ್ಮಪ್ಪ ಆ ಸಡಕಿನ ಕಾವಲುಗಾರ. ಕಲ್ಲಿಗೆ ಬಂಡಿ ಹತ್ತಿಸಿದವನ ಬೆನ್ನ ಮೇಲೆ ಅವನ ಬಡಿಗೆ ಮುರಿಯುತ್ತಿತ್ತು. ಎತ್ತಿಗೆ ಮಾತ್ರ ಹೊಡೆಯುತ್ತಿರಲಿಲ್ಲ, ಮೂಕಪ್ರಾಣಿ ಅನ್ನುತ್ತಿದ್ದ. ನಮ್ಮವ್ವನೂ ಮೂಕಪ್ರಾಣಿಯೇ, ಅವಳಿಗೆ ಆ ರಿಯಾಯಿತಿ ಸಿಗಲಿಲ್ಲ.

ನಲವತ್ತೆಂಟರ ಮಳೆಗಾಲ. ನನಗಾಗ ಇಪ್ಪತ್ತು ವರ್ಷ, ಗಂಡ ಸತ್ತು ತವರಿಗೆ ಬಂದಿದ್ದೆ. ನಮ್ಮೂರಿನ ಒಬ್ಬ ಕಲ್ಲು ಒಡೆಯುವವನು ಹೆರಿಗೆ ಬೇನೆಯ ಹೆಂಡತಿಯನ್ನು ಬಂಡಿಯಲ್ಲಿ ಮಲಗಿಸಿಕೊಂಡು ಶಹಾಬಾದದ ದವಾಖಾನೆಗೆ ಹೊರಟಿದ್ದ. ಎರೆಮಣ್ಣಿನಲ್ಲಿ ಗಾಲಿ ಅಚ್ಚಿನವರೆಗೆ ಹೂತಿತು. ಎಳೆದಾಡಿ ಬಂಡಿಯನ್ನು ಕಲ್ಲಿಗೆ ಹತ್ತಿಸಿದ. ನಮ್ಮ ಮನೆಯ ಮುಂದೆಯೇ ಅಪ್ಪ ಅಡ್ಡ ನಿಂತ.

"ಹೆಣ್ಮಗಳು ಸಾಯಾಕತ್ತ್ಯಾಳರಿ ಸಾಹೇಬ್ರ, ಇದೊಂದ್ ಸಲ ಬಿಡ್ರಿ," ಎಂದು ಅವನು ಕೈಮುಗಿದ.

"ಕಲ್ಲಿನ ಮ್ಯಾಲ ಬಂಡಿ ಹೊಡೀಬಾರದು. ಇಳಸು!"

ಅಪ್ಪ ಆ ಮುಗಿದ ಕೈಗಳ ಮೇಲೇ ಹೊಡೆದ. ಬೆರಳು ಒಡೆದು ರಕ್ತ ಸುರಿಯಿತು. ಬಂಡಿ ಕೆಸರಿಗಿಳಿಯಿತು, ಮತ್ತೆ ಹೂತಿತು. ನಾನು ಓಡಿಹೋಗಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತೆ. ಮಧ್ಯಾಹ್ನದೊಳಗೆ ಅವಳೂ ಹೋದಳು, ಹೊಟ್ಟೆಯ ಕೂಸೂ ಹೋಯಿತು. ಅಪ್ಪ ಒಳಗೆ ರೊಟ್ಟಿ ತಿನ್ನುತ್ತಿದ್ದ.

ಆ ಮಳೆಗಾಲ ಮುಗಿಯುವ ಮೊದಲೇ ಸಂಸ್ಥಾನ ಬಿತ್ತು. ಸಡಕಿಗೆ ಹೇಳುವವರು ಕೇಳುವವರು ಇಲ್ಲದಂತಾಯಿತು. ಜನ ಹಾರೆ ಹಿಡಿದು ಬಂದು ತಮ್ಮ ಮನೆಗಳಿಗೆಂದು ಪರಸಿ ಕೀಳತೊಡಗಿದರು. ಅಪ್ಪ ಬಡಿಗೆ ತೆಗೆದುಕೊಂಡು ಹೋಗಿ ಒಬ್ಬನ ತಲೆ ಒಡೆದ. ಆಮೇಲೆ ಎಲ್ಲರೂ ಅವನ ಮೇಲೆ ಬಿದ್ದರು. ಹಾರೆಯಿಂದ ಎರಡೂ ಮೊಣಕಾಲು ಜಜ್ಜಿದರು. ಎಲುಬು ಹೊರಗೆ ಬಂದಿತ್ತು.

ದವಾಖಾನೆಗೆ ಒಯ್ಯಲು ಬಂಡಿ ಕೊಡಿ ಎಂದು ಮನೆಮನೆಗೆ ಹೋದೆ. ಮಾಡಿದ್ದುಣ್ಣೋ ಮಹರಾಯ ಎಂದು ಬಾಗಿಲು ಹಾಕಿಕೊಂಡರು. ಕೊನೆಗೆ ಬಂಡಿ ಹೂಡಿಕೊಂಡು ಬಂದವನು ಆ ಕಲ್ಲು ಒಡೆಯುವವನೇ. ಹೊಡೆದವರಲ್ಲಿ ಅವನಿರಲಿಲ್ಲ.

"ಹಿಡಿಯವ್ವಾ, ಮ್ಯಾಲ ಹಾಕಮು," ಎಂದನಷ್ಟೆ.

ಊರ ಮುಂದೆ ಕಲ್ಲು ಕಿತ್ತಿದ್ದರು. ಅದರಾಚೆ ಸಡಕು ಹಾಗೇ ಉಳಿದಿತ್ತು. ಅವನು ಮಾತ್ರ ಪಕ್ಕದ ಕೆಸರಿನಲ್ಲೇ ಬಂಡಿ ಹೊಡೆದ. ಒಂದೊಂದು ಕುಲುಕಿಗೂ ಅಪ್ಪ ಊರು ಕೇಳುವಂತೆ ಒದರುತ್ತಿದ್ದ.

"ಕಲ್ಲಿನ ಮ್ಯಾಲ ಹೊಡಿಯೋ ಯಪ್ಪಾ, ನಿನ್ನ ಕಾಲ ಬೀಳ್ತೀನಿ."

"ಹೊಡೀಬಾರದ್ರಿ ಸಾಹೇಬ್ರ," ಎಂದ ಅವನು, ತಿರುಗಿ ನೋಡದೆ.

ಅಪ್ಪ ನನ್ನ ಕೈ ಹಿಡಿದುಕೊಂಡ. "ನೀನರ ಹೇಳವ್ವಾ. ನಿನ್ ಮಾತು ಕೇಳ್ತಾನ."

ಕೇಳುತ್ತಿದ್ದ, ಅದು ನನಗೂ ಗೊತ್ತಿತ್ತು. ಶಹಾಬಾದ ಬರುವವರೆಗೆ ನಾನು ಬಾಯಿ ತೆರೆಯಲಿಲ್ಲ.