ಡ್ರಾಫ್ಟಿಂಗ್ ಹುದ್ದೆಗೆ ನಮ್ಮವರ ಅರ್ಜಿ

ಕಾನೂನು ಕಾಲೇಜಿನ ಆಫೀಸಿನಲ್ಲಿ ನಾನು ಕ್ಲರ್ಕು. ಹೋದ ವರ್ಷ ಡ್ರಾಫ್ಟಿಂಗ್ ಕಲಿಸುವ ಅತಿಥಿ ಉಪನ್ಯಾಸಕರ ಹುದ್ದೆಗೆ ಅರ್ಜಿ ಕರೆದಿದ್ದರು. ದಾವೆ, ತಕರಾರು, ನೋಟಿಸು ಬರೆಯುವುದನ್ನು ವಿದ್ಯಾರ್ಥಿಗಳಿಗೆ ಹೇಳಿಕೊಡುವ ಕೆಲಸ. ಬಂದ ಅರ್ಜಿಗಳಲ್ಲಿ ಒಂದು ನನ್ನ ಗಂಡನದು.

ಅವರು ಕೂಡ್ಲಿಗಿ ಕೋರ್ಟಿನಲ್ಲಿ ವಕೀಲರು. ಕೊಟ್ಟೂರಿನ ನಮ್ಮ ಮನೆಯಿಂದ ದಿನಾ ಬೈಕಿನಲ್ಲಿ ಹೋಗಿಬರುತ್ತಿದ್ದರು. ಓಡಾಟ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದರು; ಕಾಲೇಜಾದರೆ ಮನೆಗೆ ಹತ್ತಿರ. ದಾವೆ ಬರೆದ ಮೇಲೆ ಕಕ್ಷಿದಾರರನ್ನು ಪಡಸಾಲೆಯಲ್ಲಿ ಕೂರಿಸಿ, ಅದನ್ನು ಅವರದೇ ಮಾತಿನಲ್ಲಿ ಓದಿ ಹೇಳುವುದು ನಮ್ಮವರ ರೂಢಿ. "ಹಂಗಲ್ರಿ ಸಾಹೇಬ್ರ, ಬದು ಒಡದಿದ್ದು ನಮ್ಮ ಕಾಕಾ. ಅವನ ಮಗ ಬರೇ ನೋಡಕೋತ ನಿಂತಿದ್ದ" ಎಂದು ಯಾರಾದರೂ ಅಂದರೆ, ಹಾಳೆ ಹರಿದು ಮತ್ತೆ ಬರೆಯುತ್ತಿದ್ದರು. "ಊಟ ಮಾಡೂದು ಹೈಕೋರ್ಟಿಗೆ ಹೋದ ಮ್ಯಾಲೇನ್ರಿ?" ಎಂದು ನಾನು ಒಳಗಿನಿಂದ ಕೂಗುತ್ತಿದ್ದೆ.

ಅರ್ಜಿಗಳನ್ನು ನೋಡಿ ಪಟ್ಟಿ ಮಾಡುವುದು ನನ್ನ ಕೆಲಸ. ಯಾವುದಾದರೂ ಕಾಗದ ಕಡಿಮೆ ಬಿದ್ದಿದ್ದರೆ ಫೋನು ಮಾಡಿ ತರಿಸಿಕೊಳ್ಳುವುದು ನಮ್ಮ ಆಫೀಸಿನ ಪದ್ಧತಿ. ಇಬ್ಬರಿಗೆ ಮಾಡಿದೆ. ನಮ್ಮವರ ಅರ್ಜಿಯಲ್ಲಿ ಎಲ್‌ಎಲ್‌ಎಂ ಎರಡನೇ ವರ್ಷದ ಅಂಕಪಟ್ಟಿ ಇರಲಿಲ್ಲ. ಅದು ಮನೆಯ ಬೀರುವಿನಲ್ಲಿದೆ ಎಂದು ನನಗೆ ಗೊತ್ತಿತ್ತು. ಆದರೆ ಪಕ್ಕದ ಟೇಬಲ್ಲಿನವರು ಆಗಲೇ, "ಏನವ್ವ, ಮನಿಯವರ್ನ ಮಾಸ್ತರ ಮಾಡಾಕ ಹೊಂಟೀಯೇನ?" ಎಂದು ನಕ್ಕಿದ್ದರು. ನನಗೆ ಆ ನಗುವಿನದೇ ಭಯ. ಫೋನು ಮಾಡಲಿಲ್ಲ.

ಆ ಸಂಜೆ ರೊಟ್ಟಿ ಮುರಿಯುತ್ತ ಅವರೇ ಕೇಳಿದರು. "ನನ್ನ ಅರ್ಜಿ ಎಲ್ಲಾ ಸರಿ ಐತೇನ?"

"ನಾ ನೋಡಿಲ್ರಿ."

"ಆತು ಬಿಡು. ನನ್ನಿಂದ ನಿನಗ ಮಾತು ಬರಬಾರ್ದು."

ಮರುದಿನ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ 'ಅಪೂರ್ಣ' ಎಂದು ನಾನೇ ಬರೆದೆ. ನಾಲ್ಕು ತಿಂಗಳ ಮೇಲೆ ಅವರು ಕೋರ್ಟಿನ ಮೆಟ್ಟಿಲ ಮೇಲೆ ಕುಸಿದರು, ಮತ್ತೆ ಏಳಲಿಲ್ಲ. ಆ ಕೆಲಸ ಸಿಕ್ಕಿದ್ದರೆ ಉಳಿಯುತ್ತಿದ್ದರು ಎಂದು ಹೇಳಲಾರೆ. ಸುಳ್ಳು ಹೇಳಿದೆ ಎಂಬುದಂತೂ ನಿಜ.

ಈ ವರ್ಷ ಅದೇ ಹುದ್ದೆಗೆ ಮತ್ತೆ ಅರ್ಜಿಗಳು ಬಂದಿವೆ. ಹಡಗಲಿ ಕಡೆಯ ಒಬ್ಬ ಹೆಣ್ಣುಮಗಳು ಅಂಕಪಟ್ಟಿ ಇಡುವುದನ್ನು ಮರೆತಿದ್ದಳು. ನಿನ್ನೆ ಫೋನು ಮಾಡಿದೆ.

"ತಡ ಆತೇನ್ರಿ ಮೇಡಂ?" ಎಂದು ಗಾಬರಿಯಾದಳು.

"ಇಲ್ಲವ್ವ, ನಾಳೆ ಸಂಜಿ ತನಕ ಟೈಮ್ ಐತಿ. ತಂದುಕೊಡು."

ಇಷ್ಟೇ ಮಾತು. ಅಂದು ನಮ್ಮವರ ತಟ್ಟೆಯ ಎದುರಿಗೆ ಕುಳಿತಿದ್ದೆ. ಇಷ್ಟು ಹೇಳಲು ಫೋನೂ ಬೇಕಿರಲಿಲ್ಲ.