ಮಾವ ಕೊಬ್ಬರಿ ಮಂಡಿಯಲ್ಲಿ ದುಡಿಯಲಿಲ್ಲ

ಹೊಸದುರ್ಗದಲ್ಲಿ ನನ್ನದೊಂದು ಪಶು ಔಷಧಿ ಅಂಗಡಿ ಇದೆ. ಮೊನ್ನೆ ಕಂಪನಿಯ ಪ್ರತಿನಿಧಿಯೊಬ್ಬ ಬಂದು ಚೀಲದಿಂದ ಸೊಳ್ಳೆ ಔಷಧಿಯ ಡಬ್ಬಿಯಂಥದೊಂದನ್ನು ತೆಗೆದ. "ಹೊಸ ಐಟಂ ಸಾರ್, ಹಂದಿ ಫಾರಂನೋರು ಕೇಳ್ತಾರೆ, ಇಟ್ಕಳ್ರಿ" ಎನ್ನುತ್ತಾ, ನಾನು ಬೇಡ ಎನ್ನುವಷ್ಟರಲ್ಲಿ ಗಾಳಿಗೆ ಒಂದು ಸಲ ಚಿಮ್ಮಿಸಿಬಿಟ್ಟ. ಗಂಡು ಹಂದಿಯ ಜೊಲ್ಲಿನ ವಾಸನೆ. ಹಳೇ ಉಚ್ಚೆ, ಬೆವರು, ಹಸಿ ಚರ್ಮ ಎಲ್ಲ ಕಲೆಸಿದಂಥ, ಮೂಗಿನಿಂದ ಗಂಟಲಿಗಿಳಿದು ಅಲ್ಲೇ ಕೂತುಬಿಡುವ ವಾಸನೆ. ಹೆಣ್ಣು ಹಂದಿ ಬೆದೆಗೆ ಬಂದಿದೆಯೇ ಎಂದು ನೋಡಲು ಅದರ ಮೂತಿಯ ಮುಂದೆ ಇದನ್ನು ಹೊಡೆದರೆ ಸಾಕಂತೆ. ಗಂಡನ್ನು ಗೂಡಿನಿಂದ ಹೊರಗೆ ತರುವ ಗೊಡವೆಯೇ ಇಲ್ಲವಂತೆ.

ಜಂತಿನ ಔಷಧಿಗೆ ಬಂದಿದ್ದ ಇಬ್ಬರು ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಹೋದರು. ನಾನು ಹೋಗಲಿಲ್ಲ. ಗಾಜಿನ ಕಪಾಟು ಹಿಡಿದುಕೊಂಡು ನಿಂತೆ. ಮಾವ ನೆನಪಾದರು... ಮಾವ ನೆನಪಾದಾಗ ನನಗೆ ಅಳು ಬರುವುದಿಲ್ಲ. ಸಿಟ್ಟು ಬರುತ್ತದೆ.

ಅವರು ನನ್ನ ಸ್ವಂತ ಮಾವನಲ್ಲ. ಪಶುಸಂಗೋಪನೆಯ ಡಿಪ್ಲೊಮಾ ಮುಗಿಸಿ, ಬಿ.ದುರ್ಗದ ಮನೆಯಿಂದ ಟ್ರಂಕು ಹೊತ್ತುಕೊಂಡು, ಹಿರಿಯೂರು ದಾಟಿ ಹೆದ್ದಾರಿಯಿಂದ ಒಳಗಿದ್ದ ಹಂದಿ ಫಾರಂಗೆ ನಾನು ಬ್ರೀಡಿಂಗ್ ಟೆಕ್ನಿಷಿಯನ್ ಆಗಿ ಸೇರಿದಾಗ ಆ ಕೆಲಸದಲ್ಲಿ ಅವರು ಆಗಲೇ ಹಳಬರು. ಗೇಟಿನಲ್ಲೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾವೂರ್ಲೇ ಅಳಿಯ?" ಅಂದರು. ಅವತ್ತಿನಿಂದ ಅವರು ಮಾವ, ನಾನು ಅಳಿಯ. ತುರುವನೂರು ಕಡೆಯವರು, ಕುರಿ ಕಾಯ್ದು ಬೆಳೆದವರು. ದಪ್ಪ ಮೀಸೆ. ಅದರ ಮೇಲೆ ವಿಪರೀತ ಪ್ರೀತಿ. ಕೆಲಸದ ಬಟ್ಟೆಯ ಜೇಬಿನಲ್ಲೂ ಒಂದು ಬಾಚಣಿಗೆ ಇಟ್ಟುಕೊಳ್ಳುತ್ತಿದ್ದರು. ಬೀಡಿ ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ.

ಕೆಲಸ ಏನೆಂದು ಹೇಳಿಬಿಡುತ್ತೇನೆ. ಇಲ್ಲಿ ನಾನು ಮುಚ್ಚಿಡುವುದು ಏನೂ ಇಲ್ಲ. ಬೆಳಿಗ್ಗೆ ಗಂಡು ಹಂದಿಯನ್ನು ಹೆಣ್ಣುಗಳ ಗೂಡಿನ ಮುಂದೆ ನಡೆಸಬೇಕು. ಒಬ್ಬರು ಕೈಯಲ್ಲಿ ಅಗಲ ಹಲಗೆಯೊಂದನ್ನು ಗುರಾಣಿಯಂತೆ ಅಡ್ಡ ಹಿಡಿದು ಅದನ್ನು ನಡೆಸುತ್ತಾರೆ. ಇನ್ನೊಬ್ಬರು ಹಿಂದಿನಿಂದ ಹೆಣ್ಣುಗಳ ಬೆನ್ನಿನ ಮೇಲೆ ಕೈ ಊರಿ ನೋಡುತ್ತಾರೆ. ಕಿವಿ ನಿಮಿರಿಸಿ ಕಲ್ಲಿನಂತೆ ನಿಂತರೆ ಬೆದೆಗೆ ಬಂದಿದೆ ಎಂದರ್ಥ. ಗಂಡಿನಿಂದ ವೀರ್ಯ ತೆಗೆದು, ಸೂಕ್ಷ್ಮದರ್ಶಕದ ಕೆಳಗೆ ನೋಡಿ, ತೆಳುಮಾಡಿ, ತಂಪಾಗಿಟ್ಟು, ಆಮೇಲೆ ಹೆಣ್ಣಿಗೆ ಕೊಳವೆಯಿಂದ ಹಾಕಬೇಕು. ಮೊದಲ ದಿನ ನಾನು ಮುಖ ಕಿವುಚಿದ್ದನ್ನು ನೋಡಿ ಮಾವ ಗೊಳ್ಳೆಂದು ನಕ್ಕರು. "ನಗಬೇಕಲೇ ಅಳಿಯ. ನಗದಿದ್ರೆ ಈ ಕೆಲ್ಸ ಮಾಡಾಕಾಗಲ್ಲ."

ಆದರೆ ಊರಿಗೆ ಹೊರಡುವ ದಿನ ಅವರು ನಗುತ್ತಿರಲಿಲ್ಲ. ಚರ್ಮ ಕಿತ್ತುಬರುವ ಹಾಗೆ ಉಜ್ಜಿ ಉಜ್ಜಿ ಸ್ನಾನ ಮಾಡಿ, ಬಿಳೀ ಪಂಚೆ ಉಟ್ಟು ಬಸ್ಸು ಹತ್ತುತ್ತಿದ್ದರು. ಊರಿನಲ್ಲಿ ಅವರು ಹಿರಿಯೂರಿನ ಕೊಬ್ಬರಿ ಮಂಡಿಯಲ್ಲಿ ದುಡಿಯುವ ಮನುಷ್ಯ. ಹೆಂಡತಿಗೂ ಅದೇ ಹೇಳಿದ್ದರು, ಮಗಳಿಗೂ ಅದೇ.

"ಯಾಕೆ ಮಾವ, ಕದ್ದು ತಿಂತಿದೀವಾ?" ಎಂದು ಕೇಳಿದ್ದೆ.

"ನಿಂಗೆ ಗೊತ್ತಿಲ್ಲ ಸುಮ್ನಿರಲೇ. ಗೊತ್ತಾದ್ರೆ ನಮ್ಮ ಮನೇಲಿ ಯಾರೂ ನೀರು ಕುಡಿಯಲ್ಲ."

ನನಗೆ ಗೊತ್ತಿರಲಿಲ್ಲ ಅಂತಲ್ಲ. ಹೆದ್ದಾರಿಯ ಟೀ ಅಂಗಡಿಯವನು ನಮಗೆ ಮಾತ್ರ ಕಾಗದದ ಲೋಟದಲ್ಲಿ ಟೀ ಕೊಟ್ಟು, "ಆ ಕಡೆ ನಿಂತ್ಕಂಡು ಕುಡೀರಿ" ಎನ್ನುತ್ತಿದ್ದ. ಅದೇ ಅಂಗಡಿಯ ಮುಂದೆ ಫಾರಂ ಸಾವ್ಕಾರರ ಕಾರು ನಿಂತರೆ ಗಾಜಿನ ಲೋಟವನ್ನು ತೊಳೆದು, ಒರೆಸಿ, ಓಡಿಹೋಗಿ ಕೊಡುತ್ತಿದ್ದ. ಹಂದಿ ಸಾವ್ಕಾರರವು, ಶೆಡ್ಡು ಸಾವ್ಕಾರರದು. ಅವರು ಮಠದ ಕಾರ್ಯಕ್ರಮದಲ್ಲಿ ಶಾಲು ಹೊದ್ದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಹೊಲಸು ಮಾತ್ರ ನಮ್ಮದು. ಒಂದೇ ಹಂದಿ ಒಬ್ಬನನ್ನು ಧಣಿ ಮಾಡುತ್ತದೆ, ಇನ್ನೊಬ್ಬನನ್ನು ಹೊಸಿಲಾಚೆ ನಿಲ್ಲಿಸುತ್ತದೆ. ಇದು ಯಾವ ನ್ಯಾಯ ಎಂದು ನಾನು ಇವತ್ತಿಗೂ ಕೇಳುತ್ತಲೇ ಇದ್ದೇನೆ.

ಫಾರಂನಲ್ಲಿ ದೊಡ್ಡದೊಂದು ಗಂಡು ಹಂದಿ ಇತ್ತು. ಹೊರ ರಾಜ್ಯದಿಂದ ತರಿಸಿದ್ದು, ಎತ್ತಿನಷ್ಟು ಉದ್ದ, ಕೆಟ್ಟ ಸಿಟ್ಟಿನದು. ಅದರ ಕೋರೆಹಲ್ಲು ಕತ್ತರಿಸಿಬಿಡೋಣ ಎಂದು ಮಾವ ಎಷ್ಟೋ ಸಲ ಕೇಳಿದ್ದರು. ಬೇರೆಲ್ಲ ಗಂಡುಗಳಿಗೂ ಕತ್ತರಿಸಿಯಾಗಿತ್ತು. ಸಾವ್ಕಾರರು ಒಪ್ಪಲಿಲ್ಲ. "ಕೋರೆ ಇದ್ರೇನೇ ಅದಕ್ಕೆ ಗತ್ತು" ಅಂದರು.

ಅವತ್ತು ಬೆಳಿಗ್ಗೆ ಅವರು ಸ್ನೇಹಿತರನ್ನು ಕರೆದುಕೊಂಡು ಬಂದಿದ್ದರು. ಫಾರಂ ತೋರಿಸಿ, ಎಳನೀರು ಕುಡಿಸಿ, ಕೊನೆಗೆ ಆ ಹಂದಿಯ ಜೊತೆ ಫೋಟೋ ಆಗಬೇಕು ಅಂದರು. ಗೂಡಿನಿಂದ ಹೊರಗೆ ತರಬೇಕಂತೆ.

ಮಾವ ಕೈ ಮುಗಿದೇ ಹೇಳಿದರು. "ಇವತ್ತು ಬ್ಯಾಡ್ರಿ ಸಾವ್ಕಾರ್ರೆ. ಪಕ್ಕದ ಗೂಡಲ್ಲಿ ಹೆಣ್ಣು ಬೆದೆಗೆ ಬಂದೈತೆ. ಇದು ಮಾತು ಕೇಳಲ್ಲ."

"ಐದು ನಿಮಿಷ ಕಣಯ್ಯ. ತಾ."

ನಾನೂ ಬೇಡ ಅಂದೆ. ಸಾವ್ಕಾರರು ನನ್ನನ್ನು ನೊಣ ನೋಡಿದ ಹಾಗೆ ನೋಡಿದರು. ಮಾವ ಹಲಗೆ ಹಿಡಿದು ಹಂದಿಯನ್ನು ಓಣಿಗೆ ತಂದರು. ಅದು ಬಾಯಲ್ಲಿ ನೊರೆ ಕಟ್ಟಿಸಿಕೊಂಡು ಹಲ್ಲು ಕಟಕಟ ಮಸೆಯುತ್ತಿತ್ತು. ಸ್ನೇಹಿತರು ಫೋನು ಹಿಡಿದರು. ಆಗ ಸಾವ್ಕಾರರು ಹೇಳಿದ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ಆ ಹಲಗೆ ಅಡ್ಡ ಬರ್ತೈತೆ. ಪಕ್ಕಕ್ಕಿಡು."

ಮಾವ ನನ್ನ ಕಡೆ ಒಮ್ಮೆ ನೋಡಿದರು... ಹಲಗೆಯನ್ನು ಗೋಡೆಗೆ ಒರಗಿಸಿದರು. ಅಷ್ಟೇ. ಹಂದಿ ಕತ್ತು ತಿರುಗಿಸಿದ್ದಷ್ಟೇ ಕಂಡಿತು. ಮಾವ ಗೋಡೆಗೆ ಬಿದ್ದಿದ್ದರು. ಮೊಣಕಾಲಿನಿಂದ ತೊಡೆಯ ಮೇಲಿನವರೆಗೆ ಸೀಳಿಹೋಗಿತ್ತು. ನಾನು ಅದೇ ಹಲಗೆಯಿಂದ ಹಂದಿಯನ್ನು ಗೂಡಿಗೆ ನೂಕಿ ತಿರುಗಿ ಬರುವಷ್ಟರಲ್ಲಿ ಸ್ನೇಹಿತರು ಕಾರು ಸೇರಿದ್ದರು. ಸಾವ್ಕಾರರ ಕಾರು ಅಲ್ಲೇ ನಿಂತಿತ್ತು. ಮಾವನನ್ನು ಅದರಲ್ಲಿ ಹಾಕಿಕೊಳ್ಳಲಿಲ್ಲ. ಮೇವಿನ ಮೂಟೆ ತರುವ ಪಿಕಪ್ಪಿನಲ್ಲಿ ಗೋಣಿಚೀಲ ಹಾಸಿ ಮಲಗಿಸಿದೆವು. ನನ್ನ ಟವೆಲ್ಲನ್ನು ತೊಡೆಗೆ ಬಿಗಿದು ಕಟ್ಟಿದ್ದೆ. ಮ್ಯಾನೇಜರ್ ಓಡಿಬಂದು ಬಾಗಿಲಿನಲ್ಲಿ ತಲೆ ಹಾಕಿದ. "ಬೈಕಿಂದ ಬಿದ್ದ ಅಂತ ಹೇಳ್ರಿ. ಸಾವ್ಕಾರ್ರು ಹೇಳ್ಯಾರೆ."

ಹಿರಿಯೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಏನಾಯಿತು ಎಂದು ಕೇಳಿದ ಕೂಡಲೇ ನಾನು, "ಹಂದಿ ಕೋರೆ ಸಾರ್, ಫಾರಂನಲ್ಲಿ" ಅಂದೆ. ಮಾವ ನನ್ನ ಮುಂಗೈಯನ್ನು ಹಿಡಿದುಕೊಂಡರು. ರಕ್ತ ಹರಿದು ಮುಖ ಬಿಳುಚಿಕೊಂಡಿತ್ತು, ಆದರೆ ಆ ಹಿಡಿತದಲ್ಲಿ ಎಲ್ಲಿಲ್ಲದ ಶಕ್ತಿ.

"ಬೈಕು, ಡಾಕ್ಟ್ರೇ. ಇವ್ನಿಗೆ ಗೊತ್ತಿಲ್ಲ. ಬೈಕಿಂದ ಬಿದ್ದೆ."

ಡಾಕ್ಟರು ಗಾಯವನ್ನೂ ನಮ್ಮಿಬ್ಬರನ್ನೂ ನೋಡಿ, ಹಂದಿ ತಿವಿದ ಗಾಯಕ್ಕೆ ಏನು ಮಾಡಬೇಕೋ ಅದನ್ನೇ ಮಾಡಿ ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಕಳಿಸಿದರು. ಕಾಗದದಲ್ಲಿ ಮಾತ್ರ ರೋಗಿ ಹೇಳಿದ್ದನ್ನೇ ಬರೆದರು.

ದುರ್ಗದ ವಾರ್ಡಿನಲ್ಲಿ ನಾನು ಅವರೊಡನೆ ಜಗಳ ಆಡಿದೆ. ಮಲಗಿದ ಮನುಷ್ಯನ ಮೇಲೆ ಕೂಗಾಡಬಾರದು, ಕೂಗಾಡಿದೆ.

"ಅವ್ನ ಫೋಟೋಕ್ಕೆ ನಿಮ್ಮ ಕಾಲು ಹೋತು ಮಾವ. ನೀವೇ ಅವ್ನನ್ನ ಕಾಪಾಡ್ತೀರಾ?"

"ಅವ್ನನ್ನಲ್ಲಲೇ. ಮಗಳಿಗೆ ಗಂಡು ನೋಡೀವಿ. ಹಂದಿ ತಿವಿದದ್ದು ಅಂತ ತಿಳಿದ್ರೆ ಯಾವನು ಬರ್ತಾನೆ?" ಅಂದರು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಸಾವ್ಕಾರರಿಗೆ ಬೇಕಿದ್ದ ಸುಳ್ಳೂ ಮಾವನಿಗೆ ಬೇಕಿದ್ದ ಸುಳ್ಳೂ ಒಂದೇ ಆಗಿತ್ತು. ಒಬ್ಬನಿಗೆ ಅದು ತಪ್ಪಿಸಿಕೊಳ್ಳುವ ದಾರಿ. ಇನ್ನೊಬ್ಬರಿಗೆ ಮಾನ. ಹಂದಿಯೆಂದರೆ ಆ ಊರುಗಳಿಗಿದ್ದ ಅಸಹ್ಯವೇ ಸಾವ್ಕಾರರಿಗೆ ಕಾವಲು ಕಾಯಿತು. ನಾನು ಕೆಲಸ ಬಿಟ್ಟು ಕಾರ್ಮಿಕ ಇಲಾಖೆಗೆ ದೂರು ಕೊಟ್ಟೆ. ಅಧಿಕಾರಿ ಕೇಳಲು ಹೋದರೆ ಮಾವ ಮಂಚದ ಮೇಲಿಂದಲೇ, "ಯಾವ ಫಾರಂ ಸ್ವಾಮಿ? ನಾನು ಮಂಡಿಯೋನು" ಅಂದರಂತೆ. ದೂರು ಅಲ್ಲಿಗೇ ಸತ್ತಿತು.

ಮಗಳ ಮದುವೆ ಆಯಿತು. ಮಾವನ ಕಾಲು ಮಡಚಲು ಬರಲೇ ಇಲ್ಲ. ಫಾರಂನವರು ಮತ್ತೆ ಕರೆಯಲಿಲ್ಲ. ಗಾಯ ಮಾಯುವುದು, ಮತ್ತೆ ಒಡೆದು ಕೀವು ಸೋರುವುದು... ಹೀಗೇ ಕೆಲವು ವರ್ಷ ಎಳೆದಾಡಿ, ಕೊನೆಗೆ ನಂಜು ಮೈಗೇರಿ ತೀರಿಕೊಂಡರು.

ಮಣ್ಣಿಗೆ ಹೋಗಿದ್ದೆ. ಅಂಗಳದಲ್ಲಿ ಒಬ್ಬ ಹಿರಿಯರು ಎಲ್ಲರಿಗೂ ಕೇಳುವಂತೆ, "ಮಂಡೀಲಿ ಮರ್ವಾದೆಯಿಂದ ದುಡಿದ ಜೀವ. ಒಂದು ದಿನ ಹೊಲಸು ಮುಟ್ಟಿದೋನಲ್ಲ" ಎನ್ನುತ್ತಿದ್ದರು. ಅಷ್ಟರಲ್ಲಿ ಫಾರಂನ ಮ್ಯಾನೇಜರ್ ದೊಡ್ಡ ಹಾರ ಹಿಡಿದು ಒಳಗೆ ಬಂದ. ಯಾರು ಎಂದು ಕೇಳಿದ್ದಕ್ಕೆ ಕಣ್ಣೂ ಮಿಟುಕಿಸದೆ, "ಮಂಡಿ ಕಡೆಯೋರು" ಅಂದ. ಎದ್ದೆ. ಎಲ್ಲರ ಮುಂದೆ ಅವನ ಕೊರಳಪಟ್ಟಿ ಹಿಡಿಯುವವನಿದ್ದೆ. ಮಾವನ ಹೆಂಡತಿ ನನ್ನ ತೋಳು ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದರು.

"ಅವ್ರು ಅಳಿಯ ಅಳಿಯ ಅಂತಿದ್ರಲ್ಲ, ಫಾರಂನಲ್ಲಿ ಜತೆಗಿದ್ದೋನು ನೀನೇ ಅಲ್ವೇನಪ್ಪ?" ಅಂದರು.

ನಿಮಗೆ ಗೊತ್ತಿತ್ತಾ ಎಂದು ಕೇಳಿದೆ.

"ಮದ್ಲಿಂದ್ಲೂ ಗೊತ್ತು. ನಮ್ಮಣ್ಣ ಕಾಯಿ ಲಾರಿ ಓಡಿಸ್ತಾನೆ. ಮಂಡೀಲಿ ಕೇಳಿದ್ರೆ ಅಂಥೋರು ಯಾರೂ ಇಲ್ಲ ಅಂದ್ರಂತೆ. ಹುಡುಕ್ಕಂಡು ಹೋಗಿ ಫಾರಂ ಬಾಗ್ಲಲ್ಲಿ ನೋಡಿ ಬಂದಿದ್ದ."

"ಅವ್ರಿಗೆ ಒಂದು ಮಾತು ಹೇಳಬಾರ್ದಿತ್ತಾ ಅತ್ತೆ?"

"ಹೇಳಿದ್ರೆ ನಾಚ್ಕಂಡು ಮನೆಗೆ ಬರೋದೇ ಬಿಡೋರು." ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ನೋಡಿದರು. "ಮೆತ್ತಗೆ ಮಾತಾಡಪ್ಪ. ಮಗಳ ಅತ್ತೆ ಮನೇರು ಒಳಗೆ ಕುಂತಾರೆ. ಅವ್ರಿಗೆ ಗೊತ್ತಿಲ್ಲ. ನಿನ್ನ ಕಾಲಿಗೆ ಬೀಳ್ತೀನಿ."

ಹಾರ ಹೆಣದ ಮೇಲೆಯೇ ಇತ್ತು. ನಾನು ಮಣ್ಣು ಹಾಕಿ, ಯಾರೊಡನೆಯೂ ಮಾತಾಡದೆ ಬಸ್ಸು ಹತ್ತಿದೆ.

ಈಗ ನನ್ನ ಅಂಗಡಿಗೆ ಬರುವವರು, ಕೆಲಸ ಎಲ್ಲಿ ಕಲಿತಿರಿ ಎಂದರೆ ಹಂದಿ ಫಾರಂನಲ್ಲಿ ಎಂದೇ ಹೇಳುತ್ತೇನೆ. ಕೆಲವರು ನಾನು ಕೊಟ್ಟ ಚಿಲ್ಲರೆಯನ್ನು ಕೈಗೆ ತೆಗೆದುಕೊಳ್ಳದೆ ಕಪಾಟಿನ ಮೇಲೆ ಇಡಿ ಅನ್ನುತ್ತಾರೆ. ಇಡುತ್ತೇನೆ. ಸಾವ್ಕಾರರು ಚೆನ್ನಾಗಿದ್ದಾರೆ. ಹೆದ್ದಾರಿಯ ಮೇಲಿನ ಬ್ಯಾನರುಗಳಲ್ಲಿ ಶಾಲು ಹೊದ್ದು ನಗುತ್ತಿರುತ್ತಾರೆ. ಹಿರಿಯೂರಿಗೆ ಹೋಗುವಾಗ ಅವು ಕಣ್ಣಿಗೆ ಬೀಳದಂತೆ ಬಸ್ಸಿನ ಆಚೆ ಬದಿ ಕೂರುತ್ತೇನೆ.

ಇದನ್ನು ಬರೆಯಲು ಕೂತಾಗ ಮೊದಲು ಬರೆದದ್ದು ಮಾವನ ಪೂರ್ತಿ ಹೆಸರು. ಊರು, ತಂದೆಯ ಹೆಸರು, ಎಲ್ಲ. ಇಂಥವರು ಇಂಥಲ್ಲಿ ಇಂಥ ಕೆಲಸ ಮಾಡುತ್ತಿದ್ದರು, ಚೆನ್ನಾಗಿ ಮಾಡುತ್ತಿದ್ದರು, ಒಬ್ಬರ ಫೋಟೋಕ್ಕಾಗಿ ಸತ್ತರು ಎಂದು. ಮಗಳಿಗೆ ಈಗ ಎರಡು ಮಕ್ಕಳು. ಆ ಅತ್ತೆ ಮನೆಯಲ್ಲೇ ಬಾಳಬೇಕು... ಹೆಸರು ಹೊಡೆದುಹಾಕಿ ಮಾವ ಎಂದು ಬರೆದೆ. ಬರೆಯುವಾಗ ಪೆನ್ನು ಕಾಗದವನ್ನು ಹರಿದುಬಿಟ್ಟಿತು.